ಬಸವನ ಪಾದದಿಂದ ಮೇಕೆದಾಟಿಗೆ



ಲಾಲ್‌ಬಾಗಿನ ಹೆಬ್ಬಂಡೆಯ ನೆತ್ತಿಯ ಮೇಲೆ ನಿಂತಿರುವ ಪುಟ್ಟ ಗೋಪುರವನ್ನು ನೀವೆಲ್ಲರೂ ನೋಡಿಯೇ ಇರುತ್ತೀರಿ. ಕೆಂಪೇಗೌಡರ ವಂಶದವರು ಊರಿನ ಮೇರೆಯನ್ನು ಗುರುತಿಸಲೆಂದು ಕಟ್ಟಿಸಿದರೆಂದು ಪ್ರಸಿದ್ಧವಾಗಿರುವ ನಾಲ್ಕು ಗೋಪುರಗಳಲ್ಲಿ ಅದೊಂದು. ಬೆಂಗಳೂರು ಇಲ್ಲಿಗೆ ಮುಗಿಯಿತು, ಇನ್ನು ಮುಂದೆ ಹೊಲ, ಕೆರೆ, ಕುರುಚಲು ಕಾಡು ಎಂದು ಸಾರುವುದಕ್ಕಾಗಿ ನಿಲ್ಲಿಸಿದ ಆ ಕಾವಲುಗಾರನು, ಜಯನಗರವೂ ಜೆ.ಪಿ. ನಗರವೂ ಬನಶಂಕರಿಯೂ ತನ್ನ ಬೆನ್ನ ಹಿಂದೆ ಯೋಜನಗಟ್ಟಲೆ ಹಬ್ಬಿದ ಮೇಲೆ, ಹೊಸ್ತಿಲಲ್ಲಿ ಕೂತಿದ್ದ ಅಜ್ಜನನ್ನು ಮನೆ ದೊಡ್ಡದು ಮಾಡಿದವರು ನಡುಮನೆಯೊಳಕ್ಕೆ ಸೇರಿಸಿಬಿಟ್ಟಂತೆ, ಮಾಡಲು ಕೆಲಸವಿಲ್ಲದೆ ಕುಳಿತಿದ್ದಾನೆ. 2025ರಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಮರುನಾಮಕರಣವಾದ ಮೇಲಂತೂ, ಕನಕಪುರದಾಚೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮವೂ ಅದರ ಕೆಳಗಣ ಮೇಕೆದಾಟೂ ಸರಕಾರದ ಕಾಗದಪತ್ರಗಳಲ್ಲಿ ಬೆಂಗಳೂರು ದಕ್ಷಿಣವೇ ಆಗಿವೆ. ಅಲ್ಲಿಂದ ತಮಿಳುನಾಡಿನ ಎಲ್ಲೆಗೆ ಕೆಲವೇ ಕಿಲೋಮೀಟರು. ಗೋಪುರ ನಿಂತಲ್ಲೇ ನಿಂತಿತು. ಗಡಿಯು ತೊಂಬತ್ತು ಕಿಲೋಮೀಟರು ನಡೆದುಹೋಯಿತು. ಆ ಹೊಸ ಗಡಿಯವರೆಗೆ ಹಕ್ಕಿಗಳನ್ನು ನೋಡಲೆಂದು ಹೋಗಿಬಂದ ವೃತ್ತಾಂತವನ್ನು ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡಬೇಕೆಂದಿದ್ದೇನೆ.

ಪಕ್ಷಿವೀಕ್ಷಣೆಯ ಹವ್ಯಾಸವು ನನಗೆ ಅಂಟಿದ್ದು ತಡವಾಗಿ. ಉದ್ಯೋಗದಿಂದ ನಿವೃತ್ತನಾದ ವರ್ಷ, ವೈದ್ಯರ ಆಣತಿಯನ್ನು ಶಿರಸಾವಹಿಸಿ ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆಗೆ ತೊಡಗಿದ್ದವನು, ಒಂದು ಭಾನುವಾರ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಕತ್ತೆತ್ತಿ ನಿಂತಿದ್ದ ಗುಂಪೊಂದನ್ನು ಕಂಡು, ಮರದ ಮೇಲೆ ಹಾವೋ ಹೆಜ್ಜೇನೋ ಇರಬೇಕೆಂದು ನಾನೂ ನಿಂತೆ. ಇದ್ದುದು ಒಂದು ಕುಟ್ರು ಹಕ್ಕಿ. ಮೂವತ್ತು ವರ್ಷ ಅದರ ‘ಕುಟ್ರು ಕುಟ್ರು’ ದನಿಯನ್ನು ಕೇಳಿಯೂ ಅದಕ್ಕೊಂದು ಮೈಯುಂಟೆಂದು ಯೋಚಿಸಿರಲಿಲ್ಲವಲ್ಲ ಎಂದು ಅಂದು ನನಗೆ ನಾಚಿಕೆಯಾಯಿತು. 1970ರ ದಶಕದ ಆರಂಭದಲ್ಲಿ ಜೋಸೆಫ್ ಜಾರ್ಜ್ ಎಂಬ ವಿಜ್ಞಾನಿಗಳು ಸಮಾನಾಸಕ್ತರನ್ನು ಕಲೆಹಾಕಿ ಆರಂಭಿಸಿದ ಪಕ್ಷಿವೀಕ್ಷಕರ ಕೂಟವು ಪ್ರತಿ ತಿಂಗಳ ಎರಡನೆಯ ಭಾನುವಾರ ಅಲ್ಲಿ ಸೇರುವ ವಾಡಿಕೆಯನ್ನು ಹಾಕಿಕೊಟ್ಟಿತ್ತೆಂಬುದು ನನಗೆ ತಿಳಿದದ್ದು ಆಮೇಲೆ. ಶುಲ್ಕವಿಲ್ಲ, ಹಾಜರಿಯಿಲ್ಲ, ಅಧ್ಯಕ್ಷ ಭಾಷಣವಂತೂ ಇಲ್ಲವೇ ಇಲ್ಲ. ನಮ್ಮ ನಾಡಿನ ಸಂಘಸಂಸ್ಥೆಗಳಲ್ಲಿ ಇದು ಅಪೂರ್ವ.

ಹಕ್ಕಿಗಳ ಬೆನ್ನು ಹತ್ತಿದವನು ಬಹುಬೇಗ ನೀರಿನ ಬೆನ್ನು ಹತ್ತಬೇಕಾಗುತ್ತದೆ. ನಮ್ಮ ದಕ್ಷಿಣ ಬೆಂಗಳೂರು ಒಂದು ದಿಬ್ಬದ ಮೇಲೆ ಕುಳಿತ ಊರು. ಬಿ.ಟಿ.ಎಂ. ಬಡಾವಣೆಯ ಕಡೆ ಬಿದ್ದ ಮಳೆ ಮಡಿವಾಳದ ಕೆರೆಗಿಳಿದು, ಅಗರ, ಬೆಳ್ಳಂದೂರು, ವರ್ತೂರುಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರಿ ಹೊಸೂರಿನ ಕಡೆಗೆ ಹೋಗುತ್ತದೆ. ಬಸವನಗುಡಿ, ಬನಶಂಕರಿಗಳ ಪಶ್ಚಿಮದ ಇಳಿಜಾರಿನಲ್ಲಿ ಬಿದ್ದದ್ದು ವೃಷಭಾವತಿಯ ಪಾಲು. ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟಿತೆಂದು ಪ್ರತೀತಿಯಿರುವ ಆ ಹೊಳೆಯು, ಈಗ ನಾವೆಲ್ಲರೂ ಮೋರಿಯೆಂದೇ ಕರೆಯುತ್ತಿದ್ದರೂ ಮಳೆ ಹೊಯ್ದಾಗ ತಾನು ಹೊಳೆಯೆಂಬುದನ್ನು ಮರೆಯದೆ ಗಾಳಿ ಆಂಜನೇಯಸ್ವಾಮಿಯ ಅಂಗಳದವರೆಗೆ ಏರಿಬರುವುದುಂಟು. ಅದು ಕೆಂಗೇರಿ, ಬೈರಮಂಗಲಗಳ ಮೇಲೆ ಹಾದು ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು. ಅರ್ಕಾವತಿ, ದಕ್ಷಿಣ ಪಿನಾಕಿನಿಗಳೆರಡೂ ನಂದಿಯ ಗಿರಿಶ್ರೇಣಿಯಲ್ಲಿ ಹುಟ್ಟಿದ ಸೋದರಿಯರು. ಬೆಂಗಳೂರನ್ನು ನಡುವೆ ಬಿಟ್ಟು ಅಗಲಿ, ಕೊನೆಗೆ ಬೇರೆಬೇರೆ ದಾರಿಗಳಿಂದ ತಮಿಳು ಸೀಮೆಯನ್ನೇ ಹೊಕ್ಕು ಪೂರ್ವಸಮುದ್ರವನ್ನು ಸೇರುವಂಥವು. ಹೀಗಾಗಿ ನಮ್ಮ ಬಚ್ಚಲಿನ ನೀರು, ಎತ್ತ ಇಳಿದರೂ, ಗಡಿ ದಾಟದೆ ಬಿಡುವುದಿಲ್ಲ.

ಇಲ್ಲೊಂದು ವಿಪರ್ಯಾಸವನ್ನು ಹೇಳಿ ಮುಂದುವರಿಯಬೇಕು. ಹಕ್ಕಿಗಳು ಹೇರಳವಾಗಿದ್ದರೆ ನೀರು ಶುದ್ಧವಾಗಿದೆಯೆಂದು ನಾನು ಬಹುಕಾಲ ನಂಬಿದ್ದೆ. ನೊರೆಯ ಗುಡ್ಡೆಗಳಿಗಾಗಿಯೇ ಕುಪ್ರಸಿದ್ಧವಾದ ಬೈರಮಂಗಲದ ಕೆರೆಯನ್ನು ಒಮ್ಮೆ ನೋಡಲು ಹೋದಾಗ ಮೆಟ್ಟುಗಾಲು ಹಕ್ಕಿಗಳು, ಗುಲಾಬಿ ಬಣ್ಣದ ಉದ್ದ ಕಾಲುಗಳ ಮೇಲೆ, ಮದುವೆ ಮನೆಯ ಪಡಸಾಲೆಯಲ್ಲಿ ಪಂಚೆ ಎತ್ತಿ ಹಿಡಿದು ಓಡಾಡುವ ಬೀಗರಂತೆ, ನೂರಾರು ಸಂಖ್ಯೆಯಲ್ಲಿ ಕೊಳಚೆಯ ನಡುವೆ ಸಂಭ್ರಮದಿಂದ ಸಂಚರಿಸುತ್ತಿದ್ದುವು. ಕೊಳೆತ ನೀರಿನ ಕೆಸರಿನಲ್ಲಿ ಹುಳುಗಳ ಸಂತಾನ ಅಪಾರವಾಗಿ ವೃದ್ಧಿಸುವುದರಿಂದ, ಕೊಕ್ಕನ್ನು ಕೆಸರಿಗೆ ಇಟ್ಟು ತಡಕಿ ತಿನ್ನುವ ಹಕ್ಕಿಗೆ ಅದು ಸದಾವರ್ತದ ಛತ್ರ. ಆದಕಾರಣ ನೀರಿನ ಗುಣಕ್ಕೆ ಸಾಕ್ಷಿ ಕೇಳಬೇಕಾದರೆ ತಡಕಿ ತಿನ್ನುವ ಹಕ್ಕಿಯನ್ನಲ್ಲ, ಕಂಡು ಎರಗುವ ಹಕ್ಕಿಯನ್ನು ಕೇಳಬೇಕು: ಮಿಂಚುಳ್ಳಿಯನ್ನು, ರೀವವನ್ನು, ಮೀನುಗಿಡುಗವನ್ನು. ಅವುಗಳಿಗೆ ಮೀನು ಇದ್ದರೆ ಸಾಲದು, ಮೇಲಿನಿಂದ ಮೀನು ಕಾಣಬೇಕು. ಈ ಮಾತು ಹೊಳೆದ ದಿನವೇ ಕಾವೇರಿಯ ತೀರಕ್ಕೆ ಹೋಗಬೇಕೆಂಬ ಸಂಕಲ್ಪವೂ ಹುಟ್ಟಿತು.

ಧನುರ್ಮಾಸದ ಒಂದು ಬೆಳಗ್ಗೆ, ಬನಶಂಕರಿಯ ದೇವಾಲಯದ ಮುಂದೆ ಹುಗ್ಗಿಯ ಪ್ರಸಾದಕ್ಕೆ ಜನ ಸಾಲುಗಟ್ಟುವ ಮುನ್ನವೇ ಹೊರಟೆವು. ಜತೆಗೆ ಕಾಲೇಜಿಗೆ ಹೋಗುವ ಮೊಮ್ಮಗಳು, ಅವಳ ಜತೆಗೆ ಅವಳ ಮೊಬೈಲು. ಹಕ್ಕಿಯ ದನಿಯನ್ನು ಕೇಳಿಯೇ ಅದರ ಹೆಸರು ಹೇಳುವ, ಕಂಡದ್ದನ್ನೆಲ್ಲ ಎಣಿಸಿ ಜಗತ್ತಿನ ಪಟ್ಟಿಗೆ ಸೇರಿಸುವ ವಿದ್ಯೆ ಆ ಯಂತ್ರದಲ್ಲಿದೆ. ನನ್ನ ಹತ್ತಿರ ನಲವತ್ತು ಪುಟದ ಗೆರೆಪುಸ್ತಕವೂ ಪುಳಿಯೋಗರೆಯ ಡಬ್ಬಿಯೂ ಇದ್ದುವು. ತಲಘಟ್ಟಪುರ, ಹಾರೋಹಳ್ಳಿ, ಕನಕಪುರ ಕಳೆದು ದೊಡ್ಡ ಆಲಹಳ್ಳಿಯನ್ನು ದಾಟಿದ ಮೇಲೆ ರಸ್ತೆಯ ಇಕ್ಕೆಲದ ರೇಷ್ಮೆಯ ಹಿಪ್ಪುನೇರಳೆ ತೋಟಗಳು ಮುಗಿದು, ಬೆಟ್ಟಗಳು ಸನಿಹವಾಗಿ, ದಾರಿ ಒಮ್ಮೆಲೇ ಹೊಳೆಯ ಕಡೆಗೆ ಇಳಿಯತೊಡಗುತ್ತದೆ.

ಸಂಗಮದಿಂದ ಮೇಲ್ಗಡೆಗೆ, ನದಿಯ ಅಂಚಿನಲ್ಲೇ ಗಾಳಿಬೋರೆಯ ಪ್ರಕೃತಿ ಶಿಬಿರವಿದೆ. ಬೋರೆಯೆಂದರೆ ನಮ್ಮ ಹಳೆಯ ಮೈಸೂರಿನ ಸೀಮೆಯಲ್ಲಿ ಬೋಳುಗುಡ್ಡ. ಗಾಳಿ ಬೀಸುವ ಬೋರೆಯೇ ಗಾಳಿಬೋರೆ. ಒಂದು ಕಾಲಕ್ಕೆ ಬಿಳಿಮೀನೆಂಬ ದೈತ್ಯನನ್ನು ಗಾಳಹಾಕಿ ಹಿಡಿದು, ತೂಗಿ, ಪಟ ತೆಗೆಸಿಕೊಂಡು ಮರಳಿ ನೀರಿಗೆ ಬಿಡುವ ಶೋಕಿಯ ಜನ ದೇಶವಿದೇಶಗಳಿಂದ ಈ ದಡಗಳಿಗೆ ಬರುತ್ತಿದ್ದರು. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಒಳಗೆ ಈಗ ಆ ಆಟ ನಿಂತಿದೆ. ಗಾಳದವರು ಹೋದರು, ದುರ್ಬೀನಿನವರು ಬಂದರು. ಮೀನಿಗೆ ಇದರಿಂದ ಲಾಭವೇ ಆಗಿರಬೇಕು. ದಡದುದ್ದಕ್ಕೂ ಹೊಳೆಮತ್ತಿಯ ಮರಗಳು. ಬಿಳುಪು ಬೂದು ತೊಗಟೆಯ ಆ ಮಹಾವೃಕ್ಷಗಳು ಬೇರುಗಳನ್ನು ಪ್ರವಾಹಕ್ಕೆ ಒಡ್ಡಿ, ಅರ್ಧ ದೇಹವನ್ನು ನೀರಿನ ಮೇಲಕ್ಕೆ ಬಾಗಿಸಿ ನಿಂತಿರುವುದನ್ನು ನೋಡಿದರೆ, ಇವು ನೆಲದ ಮರಗಳೋ ಹೊಳೆಯ ಮರಗಳೋ ಎಂದು ಸಂದೇಹವಾಗುತ್ತದೆ. ಅವುಗಳ ಕೊಂಬೆಯಿಂದ ಕೊಂಬೆಗೆ ನೆಗೆಯುವ ಬೂದುಬಣ್ಣದ ದೊಡ್ಡ ಅಳಿಲು ಈ ಸೀಮೆಯ ವಿಶೇಷ. ಅಂದು ಅದು ನಮಗೆ ಬಾಲವನ್ನಷ್ಟೇ ದಯಪಾಲಿಸಿತು.

ಮೊದಲು ಸಿಕ್ಕಿದವು ಸಿಪಿಲೆಗಳು. ಬಂಡೆಯಿಂದ ಬಂಡೆಗೆ ಹಾರಿ ಕೂತು ಬಾಲವನ್ನು ಮೇಲೆ ಕೆಳಗೆ ಕುಣಿಸುವ ಈ ಹಕ್ಕಿಗೆ ನಮ್ಮ ಹಳ್ಳಿಗರು ಇಟ್ಟ ಹೆಸರು ಕುಂಡೆಕುಸ್ಕ. ಬಾನುಲಿಯಲ್ಲಿ ಉಚ್ಚರಿಸಬಹುದೋ ಬಾರದೋ ಎಂದು ನಾನು ಅರೆಗಳಿಗೆ ಅನುಮಾನಿಸಿದೆನಾದರೂ, ಅದರಷ್ಟು ಯಥಾರ್ಥವಾದ ಹೆಸರನ್ನು ಯಾವ ಪಂಡಿತನೂ ಕೊಡಲಾರನಾದ್ದರಿಂದ ಹೇಳಿಯೇಬಿಟ್ಟಿದ್ದೇನೆ. ಕಪ್ಪು ಮೈ, ಬಿಳಿ ಹುಬ್ಬಿನ ದೊಡ್ಡ ಸಿಪಿಲೆ ಇಲ್ಲಿಯೇ ಹುಟ್ಟಿ ಇಲ್ಲಿಯೇ ಸಾಯುವ ಸ್ಥಳವಂದಿಗ. ಆದರೂ ಅದರ ಶಾಸ್ತ್ರೀಯ ನಾಮಧೇಯದ ಉತ್ತರಾರ್ಧವು ‘ಮದೆರಾಸ್ಪಟೆನ್ಸಿಸ್’, ಅಂದರೆ ಮದರಾಸಪಟ್ಟಣದ್ದು! ಗಡಿಯ ಈಚೆಯಲ್ಲಿದ್ದೂ ದಾಖಲೆಯಲ್ಲಿ ಆಚೆಯದಾದ ಪ್ರಾಣಿ ಇದೊಂದೇ ಅಲ್ಲ, ಮನುಷ್ಯರಲ್ಲಿಯೂ ಎಷ್ಟೋ ಮಂದಿ ಇದ್ದಾರೆ. ಅದರ ಪಕ್ಕದಲ್ಲೇ ಬೂದು ಸಿಪಿಲೆ, ಹೆಸರು ಬೂದಾದರೂ ಹೊಟ್ಟೆ ಹಳದಿ. ಇದು ಹಿಮಾಲಯದ ತೊರೆಗಳಲ್ಲಿ ಮರಿಮಾಡಿ, ಮಳೆಗಾಲ ಹಿಂದೆ ಸರಿಯುವ ವೇಳೆಗೆ ನಮ್ಮಲ್ಲಿಗೆ ಬಂದು, ಬೇಸಗೆ ಬಲಿಯುವ ಮುನ್ನ ಹಿಂದಿರುಗುವ ಅತಿಥಿ. ತೂಕದಲ್ಲಿ ಎರಡು ದೊಡ್ಡ ನಾಣ್ಯಗಳಿಗಿಂತ ಹೆಚ್ಚಿರದ ಈ ಜೀವ ಅಷ್ಟು ದೂರ ಬಂದಿತೆಂಬುದನ್ನು ಓದಿದಾಗ ನಂಬುತ್ತೇವೆ, ಎದುರಿಗೆ ಕಂಡಾಗ ನಂಬಲಾರೆವು.

ಮೊಮ್ಮಗಳ ಪಟ್ಟಿ ಒಂಬತ್ತು ಗಂಟೆಯ ಒಳಗೇ ಮೂವತ್ತನ್ನು ದಾಟಿತ್ತು. ನಾನು ಕಪ್ಪುಬಿಳಿ ಮಿಂಚುಳ್ಳಿಯೊಂದರ ಮುಂದೆ ನಿಂತುಬಿಟ್ಟಿದ್ದೆ. ಹೊಳೆಯ ಮೇಲೆ ಎರಡಾಳು ಎತ್ತರದಲ್ಲಿ ಅದು ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿತು. ರೆಕ್ಕೆ ಪಟಪಟ ಬಡಿಯುತ್ತಿದ್ದರೂ ತಲೆ ಮಾತ್ರ ಅಲುಗದು, ಕೊಕ್ಕು ನೇರ ಕೆಳಗೆ. ಒಮ್ಮೆಗೇ ರೆಕ್ಕೆ ಮಡಚಿ ಕಲ್ಲಿನಂತೆ ಬಿದ್ದು, ಬರಿಗೊಕ್ಕಿನಲ್ಲಿ ಎದ್ದು, ಹತ್ತು ಗಜ ಆಚೆ ಪುನಃ ನಿಂತಿತು. ನಾಲ್ಕು ಸಲ ಬಿದ್ದದ್ದಕ್ಕೆ ಒಂದು ಮೀನು. “ತಾತ, ಅದನ್ನ ಬರ್ಕೊಂಡಾಯ್ತು, ಬನ್ನಿ” ಎಂದಳು ಹುಡುಗಿ. ಬರೆದುಕೊಂಡರೆ ಆಯಿತೆಂಬುದನ್ನು ನಾನು ಒಪ್ಪಲಿಲ್ಲ, ಆದರೆ ಬಿಸಿಲೇರುತ್ತಿತ್ತು.

ತೆಪ್ಪ ಹತ್ತಿದೆವು. ಬಿದಿರಿನ ಹೆಣಿಗೆಯ, ಕೆಳಗೆ ಟಾರು ಬಳಿದ ಆ ದುಂಡು ದೋಣಿಯನ್ನು ಒಂದೇ ಹುಟ್ಟಿನಿಂದ ನಡೆಸುತ್ತಿದ್ದ ಅಂಬಿಗ ಐವತ್ತರ ಆಸುಪಾಸಿನವನು, ಮಾತಿನಲ್ಲಿ ಕನಕಪುರದ ಸೊಗಡು. ಒಂದು ಮಡುವಿನ ಅಂಚಿಗೆ ಬಂದವನೇ ಹುಟ್ಟನ್ನು ಎತ್ತಿ ಹಿಡಿದು, “ಅಗೋ ಸ್ವಾಮಿ, ಗಿಡ್ಗ ಕುಂತದೆ” ಎಂದು ಗದ್ದದಿಂದ ತೋರಿಸಿದ. ಬೆರಳೆತ್ತಿದರೆ ಹಾರಿಹೋಗುತ್ತದೆಂಬ ಮರ್ಯಾದೆ ಆತನಿಗೆ ಯಾರು ಕಲಿಸಿದರೋ ತಿಳಿಯದು.

ಹೊಳೆಮತ್ತಿಯ ಒಣಗೊಂಬೆಯ ಮೇಲೆ ಬೂದುತಲೆಯ, ಬಿಳಿ ಹೊಟ್ಟೆಯ ದೊಡ್ಡ ಗಿಡುಗವೊಂದು ನೀರನ್ನೇ ದೃಷ್ಟಿಸುತ್ತ ಕುಳಿತಿತ್ತು. ಹಿಂದೊಮ್ಮೆ ಸ್ನೇಹಿತರ ಎದುರಿಗೆ ಕಂದುಬಣ್ಣದ ಮರಿಗರುಡವೊಂದನ್ನು ಹೆಮ್ಮೆಯಿಂದ ಮೀನುಗಿಡುಗವೆಂದು ಸಾರಿ, ಮನೆಗೆ ಬರುವವರೆಗೂ ನಗೆಗೀಡಾಗಿದ್ದ ನಾನು, ಈ ಸಲ ಬಾಯಿ ಬಿಗಿಹಿಡಿದೆ. ಮೀನುಗಿಡುಗಗಳಲ್ಲಿ ಎರಡು ಬಗೆ. ಹಿರಿಯದರ ಬಾಲವು ಬೆಳ್ಳಗಿದ್ದು ತುದಿಯಲ್ಲಿ ಅಗಲವಾದ ಕರಿಪಟ್ಟಿಯುಂಟು. ಕಿರಿಯದರ ಬಾಲಕ್ಕೆ ಆ ಬಿಳುಪಿಲ್ಲ, ಎಲ್ಲವೂ ಮಬ್ಬು ಬೂದುಕಂದು. ಕುಳಿತ ಹಕ್ಕಿ ಬಾಲವನ್ನು ಮಡಚಿ, ಅದರ ಮೇಲೆ ರೆಕ್ಕೆಯನ್ನು ಹೊದಿಸಿ, ನಮ್ಮ ಜಿಜ್ಞಾಸೆಗೆ ಸೊಪ್ಪುಹಾಕದೆ ಇತ್ತು. ತೆಪ್ಪವು ಸುಳಿಯಲ್ಲಿ ಮೆಲ್ಲಗೆ ಗಿರಿಗಿರಿ ತಿರುಗುತ್ತಿದ್ದುದರಿಂದ ನಮಗೆ ಒಮ್ಮೆ ಗಿಡುಗ, ಒಮ್ಮೆ ಎದುರು ದಡ, ಒಮ್ಮೆ ಅಂಬಿಗನ ಮುಖ, ಪುನಃ ಗಿಡುಗ. ಹೀಗೆ ಮುಕ್ಕಾಲು ಗಂಟೆ. ಹುಡುಗಿಯ ಮೊಬೈಲಿನ ವಿದ್ಯೆಯೂ, ಹಕ್ಕಿ ಬಾಯಿ ಬಿಡದಿದ್ದುದರಿಂದ, ಮೌನವಾಗಿತ್ತು. ಕಡೆಗೆ ಅದು ಮುಂದಕ್ಕೆ ಬಾಗಿ, ಕೊಂಬೆಯಿಂದ ಕಳಚಿಕೊಂಡಂತೆ ಜಾರಿ, ನೀರಿಗೆ ಸಮಾಂತರವಾಗಿ ಬಂದು ಕಾಲನ್ನು ಮುಂದೆ ಚಾಚಿತು. ಆ ಪಾದದ ಅಡಿಯಲ್ಲಿ, ನುಣುಪಾದ ಮೀನು ಜಾರದಂತೆ, ಮುಳ್ಳುಮುಳ್ಳಾದ ಉಬ್ಬುಗಳಿರುತ್ತವೆಂದು ಓದಿದ್ದೆ. ಕಂಡದ್ದು ಮಾತ್ರ ಒಂದು ಬೆಳ್ಳಿಯ ಗೆರೆ, ಒಂದು ತೊಟ್ಟು ಸದ್ದು. ಮೇಲೇರಿದಾಗ ಬಾಲ ಬೀಸಣಿಗೆಯಾಗಿ ಬಿಚ್ಚಿತು. ಬಿಳುಪಿಲ್ಲ! ಕಿರಿಯ ಮೀನುಗಿಡುಗ.

ಈ ಹಕ್ಕಿಯ ನಿಜವಾದ ತವರು ಹಿಮಾಲಯದ ಅಡಿಗುಡ್ಡಗಳ ತೊರೆಗಳು, ಅಲ್ಲಿಂದ ಪೂರ್ವಕ್ಕೆ ಬ್ರಹ್ಮದೇಶ, ಮಲಯ. ನಡುವಣ ಮಹಾವಿಸ್ತಾರವನ್ನೆಲ್ಲ ಬಿಟ್ಟು, ಕಾವೇರಿಯ ಈ ಕಾಡುಪಾಲಿನಲ್ಲಿ ಅದರದೊಂದು ಒಂಟಿ ಸಂಸಾರ ನೆಲೆನಿಂತಿದೆ. ಪಕ್ಷಿವಿಜ್ಞಾನಿ ಸಾಲಿಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷಿಸಿ, ಇದೇ ನದಿಯ ಮೇಲಣ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗುವುದಕ್ಕೆ ಕಾರಣರಾದರು. ರಂಗನತಿಟ್ಟಿನಲ್ಲಿ ಹಕ್ಕಿಗಳದು ಜಾತ್ರೆ. ಅದನ್ನು ನೋಡಿ ಬಂದವರಿಗೆ ಇಲ್ಲಿಯ ನೀರು ಬಡವೆನಿಸಬಹುದು. ನನಗಾದರೋ ಜಾತ್ರೆಗಿಂತ ಕಾಡಿನ ಒಂಟಿ ಗುಡಿಯೇ ಹೆಚ್ಚು.

ದಡಕ್ಕೆ ಮರಳುವಾಗ ಅಂಬಿಗನನ್ನು ತಮಿಳುನಾಡಿನ ಗಡಿ ಎಲ್ಲಿ ಬರುತ್ತದೆಂದು ಕೇಳಿದೆ. “ಎದುರ್ಗಿರೋದು ಚಾಮರಾಜನಗರ ಸ್ವಾಮಿ. ಗಡಿ ಕೆಳೀಕೆ. ಸಂಗ್ಮ ಆದ್ಮೇಲೆ ಮೇಕೆದಾಟು, ಅದ್ರಿಂದಾಚೆ. ಇಲ್ಲಿ ಇದ್ಕೆ ತೆಪ್ಪ ಅಂತೀವಿ. ಹೊಗೇನಕಲ್‌ಗೆ ಹೋಗ್ಬುಟ್ರೆ ಇದೇ ಪರಿಸಲು.” ದುಂಡು ದೋಣಿ ಒಂದೇ, ಬಿದಿರು ಒಂದೇ, ತಿರುವೊಂದನ್ನು ದಾಟಿದೊಡನೆ ಹೆಸರು ಬೇರೆ. ಆದರೆ ಧರ್ಮಪುರಿ ಜಿಲ್ಲೆಗೆ ಸೇರಿದ ಆ ಹೊಗೇನಕಲ್ ಎಂಬ ಹೆಸರನ್ನೇ ಬಿಡಿಸಿ ನೋಡಿ: ನೀರಹನಿಗಳು ಹೊಗೆಯಂತೆ ಏಳುವ ಕಲ್ಲು, ಅಚ್ಚಗನ್ನಡ. ಗಡಿಯಾಚೆಯ ಕಾಡನ್ನು ತಮಿಳುನಾಡು ಸರಕಾರವು 2014ರಲ್ಲಿ ಒಂದು, 2022ರಲ್ಲಿ ಇನ್ನೊಂದು ವನ್ಯಜೀವಿಧಾಮವಾಗಿ ಘೋಷಿಸಿತು. ಎರಡಕ್ಕೂ ಕಾವೇರಿಯ ಹೆಸರನ್ನೇ ಇಟ್ಟರು, ಉತ್ತರದ್ದು ಮತ್ತು ದಕ್ಷಿಣದ್ದು ಎಂದು. ನೀರಿನ ಪಾಲಿಗಾಗಿ ಶತಮಾನಕ್ಕೂ ಮಿಕ್ಕಿ ವ್ಯಾಜ್ಯವಾಡಿದ ಎರಡು ನೆರೆಹೊರೆಗಳು ಮರಗಳ ಮಟ್ಟಿಗೆ ಒಂದಕ್ಕೊಂದು ಮೈ ಹಚ್ಚಿಕೊಂಡು ಮಲಗಿರುವುದು ಪತ್ರಿಕೆಗಳಲ್ಲಿ ಅಷ್ಟಾಗಿ ಬಂದ ಸುದ್ದಿಯಲ್ಲ.

ಮಧ್ಯಾಹ್ನ ಸಂಗಮಕ್ಕೆ ಬಂದು, ಅರ್ಕಾವತಿಯನ್ನು ದಾಟಿ ಮೇಕೆದಾಟಿಗೆ ಹೋದೆವು. ಹುಲಿ ಅಟ್ಟಿಸಿಕೊಂಡು ಬಂದ ಮೇಕೆಯೊಂದು ಈ ಇಕ್ಕಟ್ಟನ್ನು ನೆಗೆದು ಪ್ರಾಣ ಉಳಿಸಿಕೊಂಡಿತೆಂಬ ಕಥೆಯನ್ನು ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಷ್ಟಗಲದ ನದಿ ಕಗ್ಗಲ್ಲಿನ ಕೊರಕಲಿನೊಳಗೆ ಕುಗ್ಗಿ, ಬಂಡೆಗಳಲ್ಲಿ ಒರಳಿನಂಥ ಗುಳಿಗಳನ್ನು ಕಡೆದು, ಸದ್ದಿನಲ್ಲಿ ಮಾತ್ರ ಹಿಗ್ಗುತ್ತದೆ. ಜಾರುಬಂಡೆಯ ಅಂಚಿಗೆ ಹೋಗಿ ಪಟ ತೆಗೆಸಿಕೊಳ್ಳುವ ತರುಣರನ್ನು ಕಂಡು ನನ್ನ ಎದೆ ಹೊಡೆದುಕೊಂಡಿತು. ಇಲ್ಲಿ ಎಷ್ಟೋ ಪ್ರಾಣಗಳು ಹೋಗಿವೆ. ಇಲ್ಲಿಯೇ 67 ಟಿ.ಎಂ.ಸಿ. ಅಡಿಯ ಜಲಾಶಯವೊಂದನ್ನು ಕಟ್ಟಿ ಬೆಂಗಳೂರಿಗೆ ನೀರು ಕೊಡಬೇಕೆಂಬುದು ನಮ್ಮ ರಾಜ್ಯದ ಯೋಜನೆ. ಕೂಡದೆಂಬುದು ನೆರೆಯವರ ವಾದ. ಅದರ ನ್ಯಾಯಾನ್ಯಾಯ ಬಲ್ಲವರ ಮಾತು. ಕೊಡ ಹಿಡಿದು ನಿಂತವರ ಸಂಕಟವನ್ನು ಬಲ್ಲ ನಾನು ಹಕ್ಕಿಯ ಪರವಾಗಿ ಗಟ್ಟಿದನಿಯಲ್ಲಿ ವಾದಿಸಲಾರೆ. ಆದರೆ ನೀರು ನಿಂತರೆ ಹೊಳೆಮತ್ತಿಗಳು ಮುಳುಗುತ್ತವೆ, ಹರಿಯುವ ಹೊಳೆ ನಿಂತ ಕೆರೆಯಾಗುತ್ತದೆ, ಇಷ್ಟನ್ನು ಲೆಕ್ಕದಲ್ಲಿ ಹಿಡಿಯದೆ ಇರಲೂ ಆರೆ.

ಹಿಂದಿರುಗುವಾಗ ಸಂಗಮದಲ್ಲಿ ಮೊಣಕಾಲುದ್ದದ ಅರ್ಕಾವತಿಯೊಳಗೆ ನಿಂತಿದ್ದೆ. ಬಂಡೆಯೊಂದರ ಮಗ್ಗುಲಲ್ಲಿ ಅಂಗೈಯಗಲದ ನೊರೆ, ಸಾಬೂನಿನಂಥದು, ಕರಗದೆ ಸುತ್ತುತ್ತಿತ್ತು. ಕಡಲೆಕಾಯಿ ಮಾರುತ್ತಿದ್ದ ಮುದುಕಿ ಕೇಳಿದಳು: “ಬೆಂಗ್ಳೂರೋರಾ? ಇದು ನಿಮ್ಮೂರ್ ನೀರೇಯ, ಕಾಲ್ ತೊಳ್ಕಳಿ.” ವ್ಯಂಗ್ಯವೋ ಉಪಚಾರವೋ ತಿಳಿಯಲಿಲ್ಲ. ಕಾವೇರಿಯಿಂದ ನಾವು ಕುಡಿಯುವ ನೀರನ್ನು ಎತ್ತುವುದು ಇಲ್ಲಿಂದ ಮೇಲಕ್ಕೆ. 1974ರಲ್ಲಿ ಆ ನೀರು ಪೂರೈಕೆಯ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೆಯದು, ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರ. ಬಳಸಿದ್ದನ್ನು ಹಿಂದಿರುಗಿಸುವುದು ಇಲ್ಲಿ, ಕೆಳಗೆ. ಕೊಡುವ ಕೈಯ ಕೆಳಗೆ ತೊಳೆದ ಕೈಯ ನೀರನ್ನು ಚೆಲ್ಲಿದಂತೆ. ಆ ನೊರೆಯ ಪಕ್ಕದಲ್ಲಿಯೂ ಒಂದು ಬೂದು ಸಿಪಿಲೆ ಬಾಲ ಕುಣಿಸುತ್ತ ಹುಳು ಆಯುತ್ತಿತ್ತು. ಅದು ಆಯ್ದುಕೊಳ್ಳುವ ಜಾತಿ. ನೀರಿನೊಳಗೆ ಇಣುಕುವ ಗೊಡವೆ ಅದಕ್ಕಿಲ್ಲ. ಮಿಂಚುಳ್ಳಿಯನ್ನು ಹುಡುಕಿದೆ. ಕಾವೇರಿಯ ಕಡೆಯ ಬಂಡೆಯ ಮೇಲೆ ಎರಡಿದ್ದುವು. ಅರ್ಕಾವತಿಯ ಕಡೆ, ನಾವಿದ್ದ ಅರ್ಧ ಗಂಟೆಯಲ್ಲಿ, ಒಂದೂ ಬರಲಿಲ್ಲ. ಅರ್ಧ ಗಂಟೆಯ ನೋಟವನ್ನು ಶಾಸ್ತ್ರವೆನ್ನಲಾಗದು, ಆದರೂ ಗೆರೆಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಮೊಮ್ಮಗಳ ಪಟ್ಟಿ ಅರವತ್ತೆರಡಕ್ಕೆ ನಿಂತಿತು. ಮರುದಿನ ನಸುಕಿನಲ್ಲಿ ಬನಶಂಕರಿಯ ನಮ್ಮ ಮನೆಯ ಸಂಪಿಗೆ ನೀರು ಬಿಟ್ಟ ಸದ್ದಿಗೆ ಎಚ್ಚರವಾಯಿತು. ದಿನ ಬಿಟ್ಟು ದಿನ ಕೇಳುವ ಸದ್ದೇ. ಮುಚ್ಚಳ ತೆರೆದು ಬ್ಯಾಟರಿ ಹಿಡಿದು ನೋಡಿದೆ. ತಳದ ಗಾರೆ ಸ್ಪಷ್ಟವಾಗಿ ಕಾಣುತ್ತಿತ್ತು. ಮಹಡಿಯ ಟ್ಯಾಂಕು ತುಂಬಿ ಚೆಲ್ಲಿದ ನೀರು ತಾರಸಿಯ ಮೇಲೆ ತೆಳ್ಳಗೆ ಹರಿದು, ಪೈಪಿನಲ್ಲಿ ಇಳಿದು, ಮನೆಯ ಮುಂದಿನ ಮೋರಿಗೆ, ಅಲ್ಲಿಂದ ರಾಜಕಾಲುವೆಯ ಕಡೆಗೆ ಹೊರಟಿತ್ತು. “ತಾತ, ಮೋಟರ್ ಆಫ್ ಮಾಡಿ” ಎಂದು ಒಳಗಿನಿಂದ ಕೂಗಿದಳು. ನಾನು ತಾರಸಿಯ ಬಾಗಿಲಲ್ಲಿ ನಿಂತಿದ್ದೆ. ಆ ತೆಳುನೀರಿನ ಅಂಚಿನಲ್ಲಿ, ಹಳದಿ ಹೊಟ್ಟೆಯದೊಂದು, ಬಾಲ ಕುಣಿಸುತ್ತಿತ್ತು.